ಮಗು ಚುರುಕು ಅಂತ ಮಾಂಟೆಸ್ಸರಿಗೆ ಹಾಕಬೇಕಾ?

ನಮಸ್ಕಾರ. ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯ ಅಪ್ಪ-ಅಮ್ಮಂದಿರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಮಗುವಿಗೆ ಮೂರೂವರೆ ವರ್ಷ. ಬಸ್ಸಿನ ಬೋರ್ಡ್ ಓದುತ್ತದೆ, ಕನ್ನಡದ್ದೂ ಮಲಯಾಳದ್ದೂ. ನೂರರಿಂದ ಹಿಂದಕ್ಕೂ ಎಣಿಸುತ್ತದೆ. ಅಂಗನವಾಡಿಗೆ ಕಳಿಸಿದರೆ ಬೋರಾಗುತ್ತದೋ ಅಂತ ಭಯ. ಪೇಟೆಯಲ್ಲಿ ಒಂದು ಮಾಂಟೆಸ್ಸರಿ ಇದೆ, ಮಕ್ಕಳು ಸಾಮಾನು ಕೈಯಲ್ಲಿ ಹಿಡಿದು ತಮ್ಮಷ್ಟಕ್ಕೆ ಕಲಿಯುವ ಪದ್ಧತಿಯ ಶಾಲೆ. ಹಾಕುವುದಾ, ಬೇಡವಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈ ಪದ್ಧತಿ ಇಂಥ ಮಗುವಿಗೆ ಒಗ್ಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಅಲ್ಲಿನ ಟೀಚರ್ ನಿಮ್ಮ ಮಗುವಿನ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಅಂತ ನೋಡದೆ ದುಡ್ಡು ಕಟ್ಟಬೇಡಿ.

ಗೂಗಲ್ ಕಟ್ಟಿದ ಇಬ್ಬರೂ ಮಾಂಟೆಸ್ಸರಿಯಲ್ಲಿ ಕಲಿತವರು ಅಂತ ಪೋಸ್ಟರ್ ಹಾಕುತ್ತಾರೆ. ನಿಜವೇ. ಆದರೆ ಅಲ್ಲಿ ಕಲಿತು ಗೂಗಲ್ ಕಟ್ಟದವರ ಲೆಕ್ಕ ಯಾವ ಪೋಸ್ಟರಿನಲ್ಲೂ ಇರುವುದಿಲ್ಲ, ಅಲ್ವಾ?

ಅಸಲಿಗೆ ಇದು ಬುದ್ಧಿವಂತ ಮಕ್ಕಳಿಗೆ ಅಂತ ಹುಟ್ಟಿದ ಪದ್ಧತಿಯೇ ಅಲ್ಲ. ಮರಿಯಾ ಮಾಂಟೆಸ್ಸರಿ ಡಾಕ್ಟರ್. ಕಲಿಕೆಯಲ್ಲಿ ಹಿಂದೆ ಬಿದ್ದಿದ್ದ ಮಕ್ಕಳ ಜೊತೆ ಕೆಲಸ ಶುರು ಮಾಡಿದವರು. 1907ರಲ್ಲಿ ರೋಮಿನ ಸಾನ್ ಲೊರೆಂಜೊ ಅನ್ನುವ ಬಡವರ ಕೇರಿಯಲ್ಲಿ ‘ಮಕ್ಕಳ ಮನೆ’ ಅನ್ನುವ ಅವರ ಮೊದಲ ಶಾಲೆ ತೆರೆಯಿತು. 1939ರಲ್ಲಿ ಮದ್ರಾಸಿನ ಅಡಯಾರಿಗೆ ಬಂದರು. ಅಷ್ಟರಲ್ಲಿ ಯುದ್ಧ. ಇಟಲಿಯವರು ಅನ್ನುವ ಕಾರಣಕ್ಕೆ ಬ್ರಿಟಿಷರು ಅವರನ್ನು ಊರಿಗೆ ಹೋಗಲು ಬಿಡಲಿಲ್ಲ. ಅಡಯಾರಿನಲ್ಲಿ, ಕೊಡೈಕೆನಾಲಿನಲ್ಲಿ ಉಳಿದು ಟೀಚರುಗಳಿಗೆ ತರಬೇತಿ ಕೊಟ್ಟರು. ನಮ್ಮ ಕಡೆ ಈ ಹೆಸರು ಇಷ್ಟು ಹಬ್ಬಲು ಅದೂ ಒಂದು ಕಾರಣ.

ಹಾಗಾದರೆ ಚುರುಕು ಮಗುವಿಗೆ ಅಲ್ಲಿ ಏನು ಸಿಗುತ್ತದೆ? ಒಂದು ಸಾಮಾನು ನೋಡಿ. ಮರದ ದಿಮ್ಮಿಯಲ್ಲಿ ಹತ್ತು ಗುಳಿ, ಅದರಲ್ಲಿ ಕೂರುವ ಹತ್ತು ಮರದ ಉರುಟು ತುಂಡುಗಳು, ಒಂದೊಂದು ಒಂದೊಂದು ಅಳತೆ. ಒಂದನ್ನು ತಪ್ಪು ಗುಳಿಗೆ ಹಾಕಿದರೆ ಕೊನೆಗೆ ಒಂದು ತುಂಡು ಎಲ್ಲೂ ಕೂರುವುದಿಲ್ಲ. ತಪ್ಪಾಯಿತು ಅಂತ ಯಾರೂ ಹೇಳಬೇಕಾಗಿಲ್ಲ. ಮಗುವೇ ನೋಡುತ್ತದೆ, ಮಗುವೇ ಸರಿ ಮಾಡುತ್ತದೆ.

ಇದು ಸಣ್ಣ ವಿಷಯ ಅಂತ ಕಾಣಬಹುದು. ಆದರೆ ಬೇಗ ಕಲಿಯುವ ಮಕ್ಕಳಲ್ಲಿ ಹಲವರಿಗೆ ತಪ್ಪು ಮಾಡುವುದೆಂದರೆ ಆಗುವುದಿಲ್ಲ. ಹುಟ್ಟಿದಾಗಿನಿಂದ ‘ಭಾರೀ ಹುಷಾರಿ’ ಅಂತ ಕೇಳಿಯೇ ಬೆಳೆದಿರುತ್ತವೆ. ನೆಂಟರು ಬಂದಾಗ ಮಗ್ಗಿ ಹೇಳು, ಶ್ಲೋಕ ಹೇಳು ಅಂತ ಎದ್ದು ನಿಲ್ಲಿಸಿರುತ್ತೇವೆ. ತಪ್ಪಾದೀತು ಅಂದರೆ ಆ ಕೆಲಸಕ್ಕೇ ಕೈ ಹಾಕುವುದಿಲ್ಲ. ಇವಕ್ಕೆ ಯಾರೂ ನೋಡದ, ಯಾರೂ ಹೊಗಳದ ಒಂದು ಮೂಲೆ ಬೇಕು. ಒಳ್ಳೆಯ ಮಾಂಟೆಸ್ಸರಿ ತರಗತಿ ಅದನ್ನು ಕೊಡುತ್ತದೆ. ನನಗೆ ಈ ಪದ್ಧತಿಯಲ್ಲಿ ಅತಿ ಇಷ್ಟವಾದದ್ದು ಇದೇ.

ಮತ್ತೊಂದು, ಮೂರರಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿರುತ್ತಾರೆ. ಲೆಕ್ಕ ಕಲಿಯುವ ಬಿಡಿ ಮಣಿ, ಹತ್ತು ಮಣಿಯ ಸರ, ನೂರರ ಚೌಕ, ಸಾವಿರದ ಘನ ಎಲ್ಲ ಅಲ್ಲೇ ಕಪಾಟಿನಲ್ಲಿರುತ್ತದೆ. ನಾಲ್ಕು ವರ್ಷದ್ದು ತಯಾರಿದ್ದರೆ ಸಾವಿರಕ್ಕೆ ಹೋಗಬಹುದು. ಅದೇ ಮಗುವಿಗೆ ಅಂಗಿಯ ಗುಂಡಿ ಹಾಕಲು ಬರದಿದ್ದರೆ ಅದನ್ನು ಕಲಿಯಲೂ ಗುಂಡಿ ಹೊಲಿದ ಬಟ್ಟೆಯ ಚೌಕಟ್ಟಿದೆ. ಓದು ಏಳು ವರ್ಷದ್ದು, ಕೈ ಮೂರು ವರ್ಷದ್ದು, ಚುರುಕು ಮಕ್ಕಳಲ್ಲಿ ಇಂಥವೂ ಇರುತ್ತವೆ.

ಒಗ್ಗದ ಮಕ್ಕಳೂ ಇದ್ದಾರೆ. ಒಂದರ ಮೇಲೊಂದು ಇಟ್ಟು ಗೋಪುರ ಕಟ್ಟಲು ಕೊಡುವ ಹತ್ತು ಗುಲಾಬಿ ಘನಗಳನ್ನು ಸಾಲಾಗಿ ಇಟ್ಟು, ಇದು ಕಾಸರಗೋಡು ಬಸ್ಸು, ಇವ ಕಂಡಕ್ಟರ್ ಅಂತ ಕಥೆ ಕಟ್ಟುವ ಮಗು. ಕಟ್ಟುನಿಟ್ಟಿನ ಕಡೆ ಅದಕ್ಕೆ ‘ಇದು ಹೀಗೆ ಮಾಡುವ ಕೆಲಸ ಅಲ್ಲ’ ಅನ್ನುತ್ತಾರೆ. ನನ್ನ ಮಟ್ಟಿಗೆ ಅದು ಜಾಣತನವನ್ನು ಗುರುತಿಸದ ತರಗತಿ.

ಈಗ ಭಾಷೆಗೆ ಬರೋಣ. ನಮ್ಮ ಮಗು ಮನೆಯಲ್ಲಿ ಕನ್ನಡ, ಇಲ್ಲವೇ ಹವ್ಯಕ, ನೆರೆಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ ಮಾತಾಡುತ್ತದೆ. ಅದರ ಚುರುಕೆಲ್ಲ ಮಾತಿನಲ್ಲಿದೆ. ದಿನಕ್ಕೆ ನೂರು ‘ಯಾಕೆ’ ಕೇಳುತ್ತದೆ. ಅದನ್ನು ಬರೀ ಇಂಗ್ಲಿಷಿನ ಕೋಣೆಯಲ್ಲಿ ಕೂರಿಸಿದರೆ ಆ ‘ಯಾಕೆ’ ನಿಂತು ಹೋಗುತ್ತದೆ. ಟೀಚರ್ ಹೇಳುತ್ತಾರೆ, ಪಾಪ, ತುಂಬಾ ಶಾಂತ ಮಗು ಅಂತ. ಮಾರಾಯ್ರೆ, ಅದು ಶಾಂತ ಮಗು ಅಲ್ಲ! ಅದಕ್ಕೆ ಕೇಳಲು ಮಾತು ಸಿಗುತ್ತಿಲ್ಲ.

ಅಕ್ಷರದ ಸಾಮಾನೂ ಹಾಗೆಯೇ. ಉಪ್ಪುಕಾಗದದ ಅಕ್ಷರ, ಜೋಡಿಸುವ ಅಕ್ಷರದ ಪೆಟ್ಟಿಗೆ ಎಲ್ಲ ಇಟಾಲಿಯನ್‌ನಂಥ, ಒಂದೊಂದೇ ಅಕ್ಷರ ಸಾಲಾಗಿ ಬರುವ ಲಿಪಿಗೆ ಮಾಡಿದ್ದು. ನಮ್ಮಲ್ಲಿ ಕಾಗುಣಿತ ಇದೆ, ಒತ್ತು ಇದೆ. ‘ಅಕ್ಕ’ ಅಂತ ಜೋಡಿಸಲು ಒತ್ತಕ್ಷರವನ್ನು ಕೆಳಗಿಡಬೇಕು. ಯಾವ ಟೀಚರ್ ಕೂತು ಕನ್ನಡಕ್ಕೆ ಬೇರೆ ಪೆಟ್ಟಿಗೆ ಮಾಡಿಕೊಂಡಿದ್ದಾರೋ ಅವರ ಹತ್ತಿರ ಮಗುವನ್ನು ಕಣ್ಣು ಮುಚ್ಚಿ ಕಳಿಸಿ. ಎರಡು ಲಿಪಿ ಓದುವ ಮಗುವಿಗೆ ಎ ಫಾರ್ ಆ್ಯಪಲ್ ಹಾಳೆ ಕೊಡುವಲ್ಲಿ ಬೇಡ, ಬೋರ್ಡಿನಲ್ಲಿ ಯಾರ ಹೆಸರಿದ್ದರೂ.

ಆ ಹೆಸರು ಯಾರ ಸ್ವತ್ತೂ ಅಲ್ಲ, ಯಾರು ಬೇಕಾದರೂ ಬರೆಸಬಹುದು. ಹೆಸರು ಒಂದೇ ಇದ್ದರೂ ಒಳಗೆ ನಡೆಯುವುದು ಬೇರೆ ಬೇರೆ. ಅಮೆರಿಕದ ಸಂಶೋಧಕಿ ಆಂಜಲಿನ್ ಲಿಲಾರ್ಡ್ 2012ರಲ್ಲಿ ಕಂಡದ್ದು ಇದನ್ನೇ. ಪದ್ಧತಿಯ ಸಾಮಾನುಗಳನ್ನು ಮಾತ್ರ ಇಟ್ಟು ನಡೆಸಿದ ತರಗತಿಗಳಲ್ಲಿ ಮಕ್ಕಳು ಹೆಚ್ಚು ಮುಂದೆ ಹೋದರು. ವರ್ಕ್‌ಶೀಟು, ಅದು ಇದು ಬೆರೆಸಿದಲ್ಲಿ ಅಷ್ಟಾಗಲಿಲ್ಲ. ಅದು ಅಲ್ಲಿನ ಮಕ್ಕಳ ಮಾತು, ಚುರುಕು ಮಕ್ಕಳದ್ದೇ ಅಂತ ಬೇರೆ ಮಾಡಿ ನೋಡಿದ್ದೂ ಅಲ್ಲ. ಆದರೂ ಬೆಳಿಗ್ಗೆ ಹೊತ್ತು ಒಮ್ಮೆ ತರಗತಿಯ ಮೂಲೆಯಲ್ಲಿ ಕೂತು ನೋಡಲು ಬಿಡಿ ಅಂತ ಕೇಳಿ. ಎರಡು-ಮೂರು ಗಂಟೆ ಬೆಲ್ಲಿಲ್ಲದೆ ಕೆಲಸ ನಡೆಯುತ್ತದಾ, ಅಥವಾ ಅರ್ಧ ಗಂಟೆಗೊಮ್ಮೆ ಎಲ್ಲರೂ ಪುಸ್ತಕ ತೆಗೆಯಬೇಕಾ? ಒಳಗೇ ಬಿಡುವುದಿಲ್ಲ ಅಂದರೆ ವಾಪಸ್ ಬನ್ನಿ.

ಇನ್ನು ದೂರ. ಬದಿಯಡ್ಕದಿಂದ ಕಾಸರಗೋಡು ಪೇಟೆಗೆ ಸುಮಾರು 20 ಕಿಲೋಮೀಟರ್. ಮೂರೂವರೆ ವರ್ಷದ್ದನ್ನು ದಿನಾ ವ್ಯಾನಿನಲ್ಲಿ ಹೋಗಿ ಬರಿಸುವಷ್ಟು ಒಳ್ಳೆಯ ಶಾಲೆ ಅಪರೂಪ. ನಾನಾದರೆ ಕನ್ನಡ ಮಾತಾಡುವ ಟೀಚರ್ ಇರುವ ಹತ್ತಿರದ ಅಂಗನವಾಡಿಗೆ ಕಳಿಸುತ್ತೇನೆ. ಮಧ್ಯಾಹ್ನದ ಮೇಲೆ ಅಜ್ಜನ ಜೊತೆ ಅಡಿಕೆ ಆರಿಸಲು ಕೂರಿಸುತ್ತೇನೆ. ಒಳ್ಳೆಯದು ಯಾವುದು, ಕಡಿಮೆ ದರ್ಜೆಯ ಪಟೋರ ಯಾವುದು, ಕರಿಗೋಟು ಯಾವುದು ಅಂತ ಕೈಯಲ್ಲಿ ಹಿಡಿದು ಬೇರೆ ಮಾಡಲಿ. ಹತ್ತು ಹತ್ತರ ಗುಪ್ಪೆ ಮಾಡಿ ಸಾವಿರದವರೆಗೆ ಎಣಿಸಲಿ. ಬಾಯಿಗೆ ಹಾಕದ ಹಾಗೆ ನೋಡಿಕೊಂಡರಾಯಿತು.

ಮಾಂಟೆಸ್ಸರಿಗೇ ಹಾಕಿದಿರಿ ಅಂತಿಟ್ಟುಕೊಳ್ಳಿ. ಆಗ ಒಂದನೇ ಕ್ಲಾಸಿಗೆ ಯಾವ ಶಾಲೆ ಅಂತಲೂ ಈಗಲೇ ನೋಡಿ. ಸಾವಿರದ ಘನ ಎತ್ತಿಟ್ಟ ಮಗುವಿಗೆ ಅಲ್ಲಿ ಮತ್ತೆ ಒಂದರಿಂದ ನೂರು ಬರೆಸುತ್ತಾರೆ. ಬರೆದು ಮುಗಿಸಿದ ಮೇಲೆ ಏನು ಮಾಡಲು ಬಿಡುತ್ತೀರಿ ಅಂತ ಆ ಟೀಚರನ್ನು ಕೇಳಿ. ಕಥೆಪುಸ್ತಕ ಕೊಡುತ್ತೇನೆ ಅಂದರೂ ಸಾಕು, ಸೇರಿಸಿ.