ಸಮುದ್ರ ದಾಟಲಾರದ ಪುಟ್ಟ ಜೀವಿ ಶ್ರೀಲಂಕಾದಲ್ಲೂ ಚಿಲಿಯಲ್ಲೂ ಹೇಗಿದೆ?

ನಮಸ್ಕಾರ್ರೀ, ಧಾರವಾಡದಿಂದ.

[ಪರದೆ ಮೇಲೆ: ಎಡಕ್ಕೆ ಉದ್ದಕಾಲಿನ ಜೇಡ, ಬಲಕ್ಕೆ ಹಾರ್ವೆಸ್ಟ್‌ಮನ್]

ಎಡಗಡೆ ಇರೋದು ನಮ್ಮ ಮನೆ ಮೂಲೆಯಲ್ಲಿ ಬಲೆ ಕಟ್ಟುವ ಉದ್ದಕಾಲಿನ ಜೇಡ. ಬಲಗಡೆ ಇರೋದು ಹಾರ್ವೆಸ್ಟ್‌ಮನ್. ಮಳೆಗಾಲದಲ್ಲಿ ದಾಂಡೇಲಿ ಕಡೆ ಕಾಡು ಸುತ್ತಿದವರು ಇದನ್ನು ಜೇಡ ಅಂತಲೇ ಅಂದುಕೊಂಡಿರಬಹುದು. ಎರಡಕ್ಕೂ ಎಂಟು ಕಾಲು, ಅಲ್ವಾ? ಆದರೆ ಹಾರ್ವೆಸ್ಟ್‌ಮನ್‌ಗೆ ಸೊಂಟವೇ ಇಲ್ಲ, ಮೈಯೆಲ್ಲ ಒಂದೇ ತುಂಡು. ಅದು ನೂಲು ತೆಗೆಯುವುದಿಲ್ಲ. ವಿಷವೂ ಇಲ್ಲ. ಜೇಡ ಬೇಟೆಯನ್ನು ಕರಗಿಸಿ ಹೀರುತ್ತದೆ, ಇದು ಕಚ್ಚಿ ತಿನ್ನುತ್ತದೆ. ಹೆದರಿದರೆ ಎರಡು ಗ್ರಂಥಿಗಳಿಂದ ಗಬ್ಬು ವಾಸನೆಯ ದ್ರವ ಬಿಡುತ್ತದೆ. ಈ ಗ್ರಂಥಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾರ್ವೆಸ್ಟ್‌ಮನ್‌ಗಳಲ್ಲಿ 6,500ಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಸೈಫೋಫ್ತಾಲ್ಮೈ ಅನ್ನೋ ಗುಂಪು ಉಳಿದವುಗಳಿಂದ ಎಲ್ಲಕ್ಕಿಂತ ಮೊದಲೇ ಕವಲೊಡೆದದ್ದು. ಆ ಗುಂಪಿನ ಒಂದು ಸಣ್ಣ ಕುಟುಂಬ ಪೆಟ್ಟಾಲಿಡೇ. ನನಗೆ ಇವತ್ತು ಇದರ ಬಗ್ಗೆಯೇ ಮಾತಾಡಬೇಕು.

[ಪರದೆ ಮೇಲೆ: ಈ ಕುಟುಂಬದ ಪೆಟ್ಟಾಲಸ್, ದೊಡ್ಡದಾಗಿ]

ಉದ್ದ ಕಾಲು ಹುಡುಕಬೇಡಿ, ಇಲ್ಲ. ಇಡೀ ಜೀವಿ ಹೆಚ್ಚುಕಮ್ಮಿ ಎಳ್ಳುಕಾಳಿನಷ್ಟು. ಗಿಡ್ಡ ಕಾಲು, ಗಟ್ಟಿ ಕಂದು ಚಿಪ್ಪು. ಬೆನ್ನಿನ ಎರಡೂ ಬದಿಯಲ್ಲಿ ಚಿಕ್ಕ ಗೋಪುರದಂಥ ಉಬ್ಬು ಕಾಣ್ತಿದೆಯಾ? ವಾಸನೆಯ ಗ್ರಂಥಿಗಳ ಬಾಯಿ ಅದರ ಮೇಲಿದೆ. ಸೈಫೋಫ್ತಾಲ್ಮೈ ಗುಂಪಿನ ಗುರುತೇ ಇದು. ಗಂಡಿನ ನಾಲ್ಕನೇ ಜೋಡಿ ಕಾಲಿನಲ್ಲಿ ಇನ್ನೊಂದು ಸಣ್ಣ ಮುಳ್ಳಿನಂಥ ಭಾಗ ಇರುತ್ತದೆ. ಒಂದು ಜಾತಿಯಿಂದ ಇನ್ನೊಂದನ್ನು ಬೇರೆ ಮಾಡುವಾಗ ತಜ್ಞರು ಇಂಥ ಭಾಗಗಳನ್ನೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಶ್ರೀಲಂಕಾದ ಒಂದು ಜಾತಿಯನ್ನು ಇಂಗ್ಲೆಂಡಿನ ಜೇಡ ತಜ್ಞ ಪಿಕಾರ್ಡ್-ಕೇಂಬ್ರಿಜ್ 1875ರಲ್ಲೇ ವಿವರಿಸಿದ್ದರು. ಮರುವರ್ಷ ಸ್ವೀಡನ್ನಿನ ತಜ್ಞ ಥೋರೆಲ್ ಅದಕ್ಕೆ ಪೆಟ್ಟಾಲಸ್ ಎಂಬ ಕುಲ, ಅಂದರೆ ಹತ್ತಿರದ ಜಾತಿಗಳ ಗುಂಪು, ಮಾಡಿದರು. ಪೆಟ್ಟಾಲಿಡೇ ಕುಟುಂಬ ಅಂತ ಹೆಸರಿಟ್ಟದ್ದು ಅಮೆರಿಕದ ತಜ್ಞ ವಿಲಿಯಂ ಶಿಯರ್, 1980ರಲ್ಲಿ.

[ಪರದೆ ಮೇಲೆ: ಪ್ರಪಂಚದ ನಕಾಶೆ]

ಈಗ ಈ ಕುಟುಂಬದ ಕುಲಗಳು ಎಲ್ಲೆಲ್ಲಿವೆ ಅಂತ ನಕಾಶೆ ನೋಡಿ. ಶ್ರೀಲಂಕಾದಲ್ಲಿ ಪೆಟ್ಟಾಲಸ್. ಮಡಗಾಸ್ಕರ್‌ನಲ್ಲಿ ಮನಂಗೋಟ್ರಿಯಾ. ದಕ್ಷಿಣ ಆಫ್ರಿಕಾದಲ್ಲಿ ಪರ್ಸೆಲಿಯಾ. ನ್ಯೂಜಿಲೆಂಡ್‌ನಲ್ಲಿ ಅವೋರಾಕಿ, ರಕಾಯಿಯಾ. ಆಸ್ಟ್ರೇಲಿಯಾದ ಎರಡೂ ಅಂಚಿನಲ್ಲಿ ಬೇರೆ ಬೇರೆ ಕುಲಗಳು. ಆಮೇಲೆ ಚಿಲಿ, ಅಲ್ಲಿ ಚಿಲಿಯೋಗೋವಿಯಾ.

ಈ ಜೀವಿ ಹಾರಲ್ಲ, ಈಜಲ್ಲ. ಒದ್ದೆ ತರಗೆಲೆಯ ಕೆಳಗೇ ಹುಟ್ಟಿ ಅಲ್ಲೇ ಸಾಯುತ್ತದೆ. ಕೆಲವು ಜಾತಿಗಳು ಸಿಕ್ಕಿರೋ ಜಾಗ ಎಷ್ಟು ಚಿಕ್ಕದು ಅಂದರೆ, ಹುಬ್ಬಳ್ಳಿಯಿಂದ ಧಾರವಾಡಕ್ಕಿರುವ 20 ಕಿಲೋಮೀಟರ್ ಕೂಡ ಅವಕ್ಕೆ ಪರದೇಶ. ಹಾಗಾದರೆ ಸಮುದ್ರ ದಾಟಿದ್ದು ಹೇಗೆ? ದಾಟಿಲ್ಲ. ನೆಲವೇ ಸರಿಯಿತು. ಈ ಜಾಗಗಳೆಲ್ಲ ಒಂದು ಕಾಲಕ್ಕೆ ಗೊಂಡ್ವಾನಾ ಅನ್ನೋ ಒಂದೇ ಖಂಡ. ಸುಮಾರು 18 ಕೋಟಿ ವರ್ಷಗಳ ಹಿಂದೆ ಅದು ಒಡೆಯತೊಡಗಿತು. ಒಡೆದ ಒಂದೊಂದು ಚೂರಿನ ಮೇಲೂ ಇವು ಉಳಿದುಕೊಂಡವು. ಸಮುದ್ರದ ನಡುವೆ ಜ್ವಾಲಾಮುಖಿಯಿಂದ ಹೊಸದಾಗಿ ಎದ್ದ ದ್ವೀಪಗಳಲ್ಲಿ ಇವು ಸಿಕ್ಕಿಲ್ಲ ಅನ್ನೋದು ಇದಕ್ಕೆ ಒಳ್ಳೆ ಸಾಕ್ಷಿ.

ನನ್ನನ್ನು ಕಾಡೋದು ನಕಾಶೆಯ ಖಾಲಿ ಜಾಗ. ಶ್ರೀಲಂಕಾ ಮತ್ತು ನಮ್ಮ ದಕ್ಷಿಣ ಭಾರತ ಒಂದೇ ಚೂರಿನ ಮೇಲಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಬಿಟ್ಟು ಜೊತೆಯಲ್ಲೇ ಹೊರಟವು. ಹಿಮಯುಗದಲ್ಲಿ ಸಮುದ್ರ ಇಳಿದಾಗ ನಡುವೆ ನೆಲದ ದಾರಿಯೂ ಇತ್ತು. ಆದರೂ ಈ ಕುಟುಂಬದ ಪಟ್ಟಿಯಲ್ಲಿ ಭಾರತದ ಹೆಸರಿಲ್ಲ. 6.6 ಕೋಟಿ ವರ್ಷಗಳ ಹಿಂದಿನ ಲಾವಾ ಪ್ರವಾಹ ಇವನ್ನು ಇಲ್ಲಿ ಅಳಿಸಿಹಾಕಿತು ಅನ್ನಬಹುದು. ಬೆಳಗಾವಿ ಕಡೆಯ ಕಪ್ಪು ಬಂಡೆ ಅದರದ್ದೇ. ಆದರೆ ಆ ಲಾವಾ ಘಟ್ಟದ ದಕ್ಷಿಣ ಭಾಗವನ್ನು ಮುಟ್ಟಲಿಲ್ಲ. ಅಲ್ಲಿಯ ತರಗೆಲೆಯಲ್ಲಿ ಇಷ್ಟು ಚಿಕ್ಕದನ್ನು ಯಾರೂ ಸರಿಯಾಗಿ ಹುಡುಕಿಲ್ಲ ಅಂತಲೇ ನನ್ನ ನಂಬಿಕೆ.

ಹುಡುಕುವ ಕೆಲಸ ಕಷ್ಟವೇನಲ್ಲ. ಒದ್ದೆ ತರಗೆಲೆಯನ್ನು ಸಾಣಿಗೆಯಲ್ಲಿ ಹಿಡಿದು, ಬಿಳಿ ಬಟ್ಟೆ ಮೇಲೆ ಜರಡಿ ಆಡಿಸಿ, ಐದು ನಿಮಿಷ ಸುಮ್ನೆ ಕಾಯಬೇಕು. ಮೊದಲು ಎಲ್ಲವೂ ಸತ್ತಂತೆ ಬಿದ್ದಿರುತ್ತವೆ, ಆಮೇಲೆ ನಿಧಾನಕ್ಕೆ ನಡೆಯಲು ಶುರು ಮಾಡುತ್ತವೆ. ಕಾಯ್ದ ಕಾಡಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಬೆನ್ನಿನ ಬದಿಯಲ್ಲಿ ಆ ಎರಡು ಗೋಪುರ ಕಂಡರೆ ಜಾಗ, ತಾರೀಖು ಬರೆದು, ಫೋಟೋ ಸಮೇತ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗಕ್ಕೆ ತೋರಿಸಿ.