ಸುತ್ತಿಗೆಗಿಂತ ಮೊದಲು ಟೇಪು

ಮಾನ್ಯ ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಆಟೊಮೊಬೈಲ್ ವಿಭಾಗದ ವಿದ್ಯಾರ್ಥಿಗಳೇ,

ಬಹಳ ಓಡಿದ ಹಳೆಯ ಕಾರಿನಲ್ಲಿ ಬಾಡಿ ಅಲೈನ್‌ಮೆಂಟಿನ, ಅಂದರೆ ಬಾಡಿಯ ಭಾಗಗಳ ನೇರ ಜೋಡಣೆಯ, ದೋಷವನ್ನು ಪತ್ತೆಹಚ್ಚುವುದು ಹೇಗೆ ಎಂಬ ವಿಷಯದ ಮೇಲೆ ಅರ್ಧ ಗಂಟೆ ಮಾತನಾಡಬೇಕೆಂದು ಕರೆದಿದ್ದೀರಿ. ಏಳು ಅಂಶಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೇನೆ. ಎಷ್ಟು ಮುಗಿಯುತ್ತವೆಯೋ ನೋಡೋಣ. ಹೊರಗೆ ಬೇವಿನ ಮರದ ಕೆಳಗೆ ನಿಂತಿರುವ ಬಿಳಿ ಮಾರುತಿ 800 ನನ್ನದು. 1998ರ ಗಾಡಿ, 2,10,000 ಕಿಲೋಮೀಟರ್ ಓಡಿದೆ. ಇಂದಿನ ಪಾಠದ ಮುಕ್ಕಾಲು ಪಾಲನ್ನು ನನಗೆ ಕಲಿಸಿದ್ದು ಅದೇ.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಸಿ (ನೋಂದಣಿ ಪತ್ರ) ನವೀಕರಣಕ್ಕೆ ಎಫ್‌ಸಿ (ಗಾಡಿಯ ಅರ್ಹತಾ ಪತ್ರ) ಬೇಕಲ್ಲ, ಆಗ ಮಾಲೀಕರು ಗ್ಯಾರೇಜಿಗೆ ಬಂದು "ಸ್ವಲ್ಪ ಚೆಂದ ಮಾಡಿಕೊಡಿ" ಎನ್ನುತ್ತಾರೆ. ಚೆಂದ ಎಂದರೆ ಪುಟ್ಟಿ ಮತ್ತು ಪೇಂಟು. ಬಾಗಿಲ ಸಂದು ಹೆಚ್ಚುಕಡಿಮೆ ಕಂಡರೆ ಸುತ್ತಿಗೆ ಎತ್ತುತ್ತಾರೆ, ಗಾಡಿ ಒಂದು ಕಡೆಗೆ ಎಳೆದರೆ ಚಾಸಿಯನ್ನೇ, ಅಂದರೆ ಗಾಡಿಯ ಅಡಿಚೌಕಟ್ಟನ್ನೇ, ಎಳೆದು ನೆಟ್ಟಗೆ ಮಾಡಬೇಕೆನ್ನುತ್ತಾರೆ. ಈ ನಡುವೆ ಟೇಪು ಹಿಡಿದು ಅಳೆದವರನ್ನು ನಾನು ಕಂಡದ್ದು ಕಡಿಮೆ. ನನ್ನ ತಕರಾರು ಇಷ್ಟೇ, ಇದನ್ನೇ ಇವತ್ತು ಮೂರ್ನಾಲ್ಕು ಸಲ ಹೇಳಲಿದ್ದೇನೆ, ಸಹಿಸಿಕೊಳ್ಳಿ: ಅಳೆಯದೆ ಸುತ್ತಿಗೆ ಎತ್ತಬೇಡಿ.

ನನ್ನ ಕಾರಿಗೆ ಎರಡು ಕಾಯಿಲೆಗಳಿದ್ದವು. ಡ್ರೈವರ್ ಬಾಗಿಲನ್ನು ಎರಡು ಸಲ ಬಡಿಯದೆ ಹಾಕಲು ಬರುತ್ತಿರಲಿಲ್ಲ. ಹೆದ್ದಾರಿಯಲ್ಲಿ ಗಾಡಿ ಎಡಕ್ಕೆ ಜಗ್ಗುತ್ತಿದ್ದುದರಿಂದ ಹುಬ್ಬಳ್ಳಿ ಬಿಟ್ಟು ದಾವಣಗೆರೆ ಸೇರುವಷ್ಟರಲ್ಲಿ ತೋಳು ನೋಯುತ್ತಿತ್ತು. ಟಿಂಕರಿಂಗ್ ಮೇಸ್ತ್ರಿಯೊಬ್ಬರು ಬಾಗಿಲಿನ ಹಿಂದಿನ ಅಂಚಿಗೆ ಬೆರಳಿಟ್ಟು, ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿರುವುದನ್ನು ತೋರಿಸಿ, "ಬಾಡಿನೇ ಸೊಟ್ಟಗಾಗಿದೆ ಸರ್, ಎಳೆಸಬೇಕು" ಎಂದರು. ಅವರು ಹೇಳಿದ ಮೊತ್ತಕ್ಕೆ ಅಂಥದೇ ಇನ್ನೊಂದು 800 ಮನೆಗೆ ಬರುತ್ತಿತ್ತು. ನಮ್ಮ ಮನೆಯವರು ಆ ಸಲಹೆಯನ್ನೂ ಕೊಟ್ಟರು.

ಮೇಸ್ತ್ರಿಯವರ ಕಣ್ಣು ತಪ್ಪಿರಲಿಲ್ಲ, ಸಂದು ನಿಜವಾಗಿಯೂ ಹಾಗೆಯೇ ಇತ್ತು. ಆದರೆ ಬಾಡಿ ಸೊಟ್ಟಗಾದರೂ ಸಂದು ಹಾಗೆಯೇ ಕಾಣುತ್ತದೆ, ಹಿಂಜ್ ಪಿನ್, ಅಂದರೆ ಬಾಗಿಲ ಕೀಲಿನ ಕಡ್ಡಿ, ಸವೆದು ಬಾಗಿಲು ಜೋತುಬಿದ್ದರೂ ಹಾಗೆಯೇ ಕಾಣುತ್ತದೆ. ಉಳಿದ ಮೂರು ಬಾಗಿಲುಗಳು ಒಂದು ಬೆರಳಿನಿಂದ ತಳ್ಳಿದರೂ ಹಾಕಿಕೊಳ್ಳುತ್ತಿದ್ದವು. ಡ್ರೈವರ್ ಬಾಗಿಲು ದಿನಕ್ಕೆ ಹತ್ತು ಸಲ ತೆರೆಯುತ್ತದೆ, ಹಿಂದಿನ ಎಡಬಾಗಿಲು ಅತ್ತೆ ಊರಿನಿಂದ ಬಂದಾಗ ಮಾತ್ರ. ಬಾಗಿಲನ್ನು ಗೇಣುದ್ದ ತೆರೆದು, ಒಂದು ಕೈಯ ಬೆರಳನ್ನು ಮೇಲಿನ ಹಿಂಜಿನ ಮೇಲಿಟ್ಟು, ಇನ್ನೊಂದು ಕೈಯಿಂದ ಬಾಗಿಲಿನ ತುದಿಯನ್ನು ಮೆಲ್ಲಗೆ ಎತ್ತಿದೆ. ಬೆರಳಿಗೆ 'ಟಕ್' ಎಂದು ತಾಗಿತು. ಪಿನ್ ಹೋಗಿತ್ತು, ಬಾಡಿಯದೇನೂ ತಪ್ಪಿರಲಿಲ್ಲ. ಇಂಥ ಹೊತ್ತಿನಲ್ಲಿ ಸ್ಟ್ರೈಕರನ್ನು, ಅಂದರೆ ಬಾಗಿಲ ಬೀಗ ಕಚ್ಚಿಕೊಳ್ಳುವ ಕೊಂಡಿಯನ್ನು, ಕೆಳಗಿಳಿಸಿ ಬಾಗಿಲು ಹಾಕಿಕೊಳ್ಳುವಂತೆ ಮಾಡಿ ಕಳಿಸುವವರಿದ್ದಾರೆ. ಆರು ತಿಂಗಳಿಗೆ ಅದೇ ಬಾಗಿಲು ಮತ್ತೆ ಬರುತ್ತದೆ.

ಇನ್ನು ಎಳೆತದ ಕಥೆ. ಮೊದಲು ಗಾಳಿ ಸರಿಪಡಿಸಿ, ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡಿದೆ, ಏಕೆಂದರೆ ಟೈರಿನ ದೋಷವಾಗಿದ್ದರೆ ಎಳೆತವೂ ದಿಕ್ಕು ಬದಲಿಸುತ್ತದೆ. ಬದಲಿಸಲಿಲ್ಲ. ಹತ್ತು ಕಿಲೋಮೀಟರ್ ಓಡಿಸಿ ಚಕ್ರಗಳನ್ನು ಮುಟ್ಟಿ ನೋಡಿದೆ, ಬ್ರೇಕ್ ಹಿಡಿದು ಕಾದಿರಲಿಲ್ಲ. ಸ್ಟೀರಿಂಗ್ ನೇರ ಮಾಡಿ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆದಾಗ, 2175 ಮಿಲಿಮೀಟರ್ ಇರಬೇಕಾದ ವೀಲ್‌ಬೇಸು ಬಲಕ್ಕೆ 2174, ಎಡಕ್ಕೆ 2164 ಬಂದಿತು. ಮೇಸ್ತ್ರಿಯವರ ಮುಖ ಅರಳಿತು: "ನಾ ಹೇಳ್ಲಿಲ್ವಾ ಸರ್!"

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಅಳೆದ ಮೇಲೂ ಎಡವುವುದು ಇಲ್ಲಿಯೇ. ನಾನು ಅಳೆದದ್ದು ಚಕ್ರಗಳನ್ನು, ಬಾಡಿಯನ್ನಲ್ಲ. ಚಕ್ರಕ್ಕೂ ಬಾಡಿಗೂ ನಡುವೆ ಇಪ್ಪತ್ತೈದು ವರ್ಷದ ರಬ್ಬರ್ ಕುಳಿತಿದೆ. ಬಾಡಿಯನ್ನು ಅಳೆಯಬೇಕಾದರೆ ಬಾಡಿಯ ಮೇಲಿನ ಗುರುತುಗಳೇ ಬೇಕು. ಹಾಗಾಗಿ ಗಾರೆಯವರಿಂದ ತೂಕದ ಗುಂಡನ್ನು ಕಡ ತಂದು, ಮುಂದೆ ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು, ಅಂದರೆ ಲೋಯರ್ ಆರ್ಮ್, ಬಾಡಿಯ ಮೇಲೆ ಕೂರುವ ಬೋಲ್ಟುಗಳಿಂದಲೂ, ಹಿಂದೆ ಅಂಥದೇ ತೋಳಾದ ಟ್ರೇಲಿಂಗ್ ಆರ್ಮ್ ಬಾಡಿಯ ಮೇಲೆ ಕೂರುವ ಬೋಲ್ಟುಗಳಿಂದಲೂ ದಾರ ಇಳಿಬಿಟ್ಟು, ಗುಂಡಿನ ಮೊನೆ ನಿಂತಲ್ಲೆಲ್ಲ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದೆ. ನೆಲ ಮಟ್ಟವಾಗಿದೆಯೇ ಎಂದು ತಿಳಿಯಲು ಒಂದು ಚೊಂಬು ನೀರು ಚೆಲ್ಲಿ ನೋಡಿದರೆ ಸಾಕು. ಗಾಡಿಯನ್ನು ಹಿಂದಕ್ಕೆ ತಳ್ಳಿದರೆ ನೆಲದ ಮೇಲೆ ನಾಲ್ಕು ಚುಕ್ಕಿಗಳು ಉಳಿಯುತ್ತವೆ, ರಂಗೋಲಿ ಹಾಕುವ ಮುಂಚಿನಂತೆ. ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಅಳೆಯಬೇಕು. ಬಾಡಿ ಕೆಲಸದಲ್ಲಿ ಸಾಮಾನ್ಯವಾಗಿ 3 ಮಿಲಿಮೀಟರ್ ಆಚೀಚೆಯನ್ನು ಒಪ್ಪುತ್ತಾರೆ. ನನ್ನ ಗಾಡಿಯಲ್ಲಿ ವ್ಯತ್ಯಾಸ 2 ಮಿಲಿಮೀಟರ್. ಬಾಡಿ ನೆಟ್ಟಗಿತ್ತು.

ಹಾಗಾದರೆ ಎಡಕ್ಕೆ ಕಳೆದುಹೋದ 10 ಮಿಲಿಮೀಟರ್ ಎಲ್ಲಿ ಹೋಯಿತು? ಈ ಗಾಡಿಯಲ್ಲಿ ಲೋಯರ್ ಆರ್ಮ್ ಹಿಂದುಮುಂದಾಗದಂತೆ ಹಿಡಿದಿಡುವುದು ಸ್ಟೆಬಿಲೈಸರ್ ಬಾರ್ ಎಂಬ ಉಕ್ಕಿನ ಸರಳು. ಹುಡುಗನೊಬ್ಬನನ್ನು ಒಳಗೆ ಕೂರಿಸಿ, ಗಾಡಿಯನ್ನು ತೆವಳಿಸುತ್ತಾ ಬ್ರೇಕ್ ಒತ್ತಿಸಿದಾಗ ಎಡಚಕ್ರ ಕಣ್ಣಿಗೆ ಕಾಣುವಷ್ಟು ಹಿಂದಕ್ಕೆ ಸರಿಯಿತು. ಆ ಬಾರಿನ ಬುಷ್, ಅಂದರೆ ರಬ್ಬರ್ ಬಳೆ, ಬಿಚ್ಚಿದರೆ ರಬ್ಬರ್ ಹುರಿದ ಹಪ್ಪಳದ ಹಾಗೆ ಕೈಯಲ್ಲೇ ಮುರಿಯಿತು. ಚಕ್ರದ ಕೆಳತುದಿ ಹಿಂದೆ ಸರಿದರೆ ಆ ಬದಿಯ ಕ್ಯಾಸ್ಟರ್, ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷದ ಹಿಂದಕ್ಕಿನ ವಾಲು, ಕಡಿಮೆಯಾಗುತ್ತದೆ, ಕ್ಯಾಸ್ಟರ್ ಕಡಿಮೆಯಿರುವ ಕಡೆಗೆ ಗಾಡಿ ಎಳೆಯುತ್ತದೆ. ಇದು ನಿಮ್ಮ ಪಠ್ಯದಲ್ಲೇ ಇದೆ. ಹೊಸ ಬುಷ್ ಹಾಕಿದ ಮೇಲೆ ಎಡ ಅಳತೆ 2173ಕ್ಕೆ ಬಂತು, ತೋಳುನೋವೂ ಹೋಯಿತು. ಆಯುಧಪೂಜೆಯ ದಿನ ಟೈರಿನಡಿ ನಿಂಬೆಹಣ್ಣು ಇಡಲು ನಾವೆಲ್ಲ ಬಗ್ಗುತ್ತೇವಲ್ಲ, ಆಗಲೇ ಕತ್ತನ್ನು ಇನ್ನಷ್ಟು ಒಳಗೆ ಚಾಚಿ ಆ ರಬ್ಬರನ್ನು ನೋಡಿದ್ದರೆ ಈ ಭಾಷಣವೇ ಬೇಕಿರಲಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನನ್ನ ಚೀಟಿಯಲ್ಲಿ ಇನ್ನೂ ನಾಲ್ಕು ಅಂಶಗಳಿವೆ, ಬೇಗ ಹೇಳುತ್ತೇನೆ.

ಬಾಡಿಯೇ ನಿಜವಾಗಿ ಕೆಡುವುದೂ ಉಂಟು, ಹಳೆಯ ಗಾಡಿಯಲ್ಲಿ ಅದಕ್ಕೆ ಅಪಘಾತಕ್ಕಿಂತ ತುಕ್ಕೇ ಹೆಚ್ಚಾಗಿ ಕಾರಣ. ಕಾರವಾರ, ಮಂಗಳೂರಿನ ಉಪ್ಪುಗಾಳಿಯಲ್ಲಿ ಬೆಳೆದ ಗಾಡಿಯನ್ನೂ, ಮಲೆನಾಡಿನ ಕೆಂಪು ಕೆಸರು ರನ್ನಿಂಗ್ ಬೋರ್ಡಿನ ನೀರಿಳಿಯುವ ತೂತುಗಳಲ್ಲಿ ಕಟ್ಟಿಕೊಂಡ ಗಾಡಿಯನ್ನೂ ಪರೀಕ್ಷಿಸಲು ಜಾಕ್ ಸಾಕು. ಮುಂದಿನ ಒಂದು ಮೂಲೆಯನ್ನು ಜಾಕ್ ಜಾಗದಲ್ಲಿ ಎತ್ತಿ, ಆ ಬದಿಯ ಬಾಗಿಲನ್ನು ತೆರೆದು ಹಾಕಿ. ನೆಲದ ಮೇಲಿದ್ದಾಗ ಸರಿಯಾಗಿ ಹಾಕಿಕೊಳ್ಳುತ್ತಿದ್ದ ಬಾಗಿಲು ಈಗ ಕಚ್ಚಿಕೊಂಡರೆ ಒಳಗಿನ ತಗಡು ಸತ್ತಿದೆ ಎಂದೇ ಅನುಮಾನಿಸಿ. ಅಲ್ಲಿ ಬುಷ್ ಬದಲಿಸಿ ಪ್ರಯೋಜನವಿಲ್ಲ, ವೆಲ್ಡಿಂಗೇ ಬೇಕು.

ಹಳೆಯ ಅಪಘಾತ ಮುಚ್ಚಿಹೋಗಿದ್ದರೆ ಬಟ್ಟೆ ಸುತ್ತಿದ ಆಯಸ್ಕಾಂತ ಪುಟ್ಟಿಯ ಮೇಲೆ ಜಾರುತ್ತದೆ. ಬಾನೆಟ್ ಎತ್ತಿ ಎರಡೂ ಏಪ್ರನ್ನುಗಳ, ಅಂದರೆ ಎಂಜಿನಿನ ಎರಡು ಬದಿಯ ಒಳತಗಡುಗಳ, ಸ್ಪಾಟ್ ವೆಲ್ಡುಗಳನ್ನು (ಚುಕ್ಕಿ ಬೆಸುಗೆಗಳನ್ನು) ಹೋಲಿಸಿ ನೋಡಿ, ಕಾರ್ಖಾನೆಯ ಚುಕ್ಕಿಗಳು ಸಮಸಮ ದೂರದಲ್ಲಿರುತ್ತವೆ. ಬೊಲೆರೊ, ಸುಮೊಗಳಂಥ ಚಾಸಿ ಗಾಡಿಗಳಲ್ಲಿ ಚಾಸಿ ನೆಟ್ಟಗಿದ್ದೂ ಬಾಡಿ ಮೌಂಟಿನ, ಅಂದರೆ ಚಾಸಿಯ ಮೇಲೆ ಬಾಡಿ ಕೂರುವ ಜಾಗದ, ರಬ್ಬರ್ ಕುಸಿದು ಬಾಗಿಲ ಸಂದು ಕೆಡಬಹುದು. ಉಳಿದದ್ದನ್ನು ಬಿಡುತ್ತೇನೆ.

ಊಟಕ್ಕೆ ಹೋಗುವ ಮುನ್ನ ಇಬ್ಬರು ನನ್ನ ಜೊತೆ ಬೇವಿನ ಮರದ ಕೆಳಗೆ ಬನ್ನಿ. ಗುಂಡು, ದಾರ, ಸೀಮೆಸುಣ್ಣ ಡಿಕ್ಕಿಯಲ್ಲಿವೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಜನ ಬೇಕು.