ಯಾವ ಫಲಕವೂ ಯಾವ ಫಲಕದ ಪಕ್ಕದಲ್ಲೂ

ಕೇಳುಗರೆಲ್ಲರಿಗೂ ನಮಸ್ಕಾರ.

ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಇಡುವ ಅಧ್ಯಾಪಕರು, ದೇವಸ್ಥಾನದ ಬ್ರಹ್ಮಕಲಶದ ಉತ್ಸವದ ಹೊತ್ತಿಗೆ ಊರಿನ ಹಳೆಯ ಫೋಟೋಗಳನ್ನು ಸಾಲಾಗಿ ತೂಗುಹಾಕಬೇಕೆಂದು ಹೊರಟ ಯುವಕ ಮಂಡಲದವರು, ಹಪ್ಪಳ ಉಪ್ಪಿನಕಾಯಿಗಳ ಮಾರಾಟಕ್ಕೆ ಒಂದು ಮಳಿಗೆ ಕಟ್ಟಿ ನಡುವೆ ಅಡ್ಡಗೋಡೆ ನಿಲ್ಲಿಸಬೇಕಾದ ಸ್ವಸಹಾಯ ಸಂಘದ ಮಹಿಳೆಯರು, ಇಂಥವರು ಈಗ ರೇಡಿಯೊ ಕೇಳುತ್ತಿದ್ದೀರಿ ಎಂದುಕೊಂಡು ನಾನು ಮಾತನಾಡುತ್ತೇನೆ. ನಿಮಗೆಲ್ಲ ಬೇಕಾದದ್ದು ಒಂದೇ: ಸಂಜೆ ತಂದು ನಿಲ್ಲಿಸಿ, ಕಾರ್ಯಕ್ರಮ ಮುಗಿದ ಮೇಲೆ ಬಿಚ್ಚಿ, ಮುಂದಿನ ವರ್ಷದವರೆಗೆ ಒಂದು ಮೂಲೆಯಲ್ಲಿ ಒರಗಿಸಿಡಬಹುದಾದ ಫಲಕಗಳು.

ಇಂಥ ಫಲಕಗಳನ್ನು ಮಾಡಿಸುವವರು ನನ್ನಲ್ಲಿ ಮೊದಲು ಕೇಳುವುದು ಯಾವ ಪ್ಲೈವುಡ್ ಒಳ್ಳೆಯದು, ಯಾವ ಬಣ್ಣ ಚಂದ ಎಂದು. ಅವೆಲ್ಲ ಆಮೇಲಿನ ಮಾತು. ಮೊದಲ ಮಾತು ಇಷ್ಟೆ: ಯಾವ ಫಲಕವೂ ಯಾವ ಫಲಕದ ಪಕ್ಕದಲ್ಲೂ ಸೇರಿ ನಿಲ್ಲಬೇಕು. ಇದಕ್ಕೆ ಎಡ ಬಲ ಇರಬಾರದು, ಮೇಲೆ ಕೆಳಗೆ ಇರಬಾರದು, ಒಂದನೆಯದು ಏಳನೆಯದು ಎಂಬ ನಂಬರು ಇರಬಾರದು. ಇದನ್ನು ನಾನು ಕಲಿತದ್ದು ಒಂದು ರಾತ್ರಿ ನಿದ್ದೆಗೆಟ್ಟು. ಆ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಹಲವು ವರ್ಷಗಳ ಹಿಂದೆ, ಜನವರಿ ತಿಂಗಳಲ್ಲಿ, ಉಡುಪಿಯ ಹತ್ತಿರದ ಒಂದು ಶಾಲೆಯ ಸಭಾಂಗಣದಲ್ಲಿ ನಮ್ಮ ಕಡೆಯ ಹಳೆಯ ಗುತ್ತಿನ ಮನೆಗಳ, ಅಂದರೆ ಊರಿನ ದೊಡ್ಡ ಮನೆತನಗಳ ಮನೆಗಳ, ಫೋಟೋ ಪ್ರದರ್ಶನವಿತ್ತು. ಫಲಕಗಳನ್ನು ಮಾಡಿಕೊಡುವ ಜವಾಬ್ದಾರಿ ನನ್ನದು. ಮಂಗಳೂರಿನಲ್ಲಿ ಒಬ್ಬ ನುರಿತ ಬಡಗಿ ಆಚಾರ್ರ ಶೆಡ್ಡಿನಲ್ಲಿ 14 ಫಲಕಗಳನ್ನು ಮಾಡಿಸಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಮೊದಲನೆಯ ಫಲಕಕ್ಕೆ ಎರಡನೆಯದನ್ನು ತಾಗಿಸಿ ಹಿಡಿದು ಎರಡಕ್ಕೂ ಒಟ್ಟಿಗೆ ಡ್ರಿಲ್ಲಿಂಗ್ ಮೆಷಿನ್ ಇಟ್ಟು ತೂತು ಕೊರೆಯುವುದು, ಎರಡನೆಯದಕ್ಕೆ ಮೂರನೆಯದನ್ನು ತಾಗಿಸಿ ಮತ್ತೆ ಕೊರೆಯುವುದು, ಹೀಗೆ ಕೊನೆಯವರೆಗೆ. ಪ್ರತಿಯೊಂದು ಜೋಡಣೆಯೂ ಕೂದಲು ತೂರದಷ್ಟು ಬಿಗಿಯಾಗಿ ಬಂದಿತ್ತು. ಯಾವುದರ ಪಕ್ಕದಲ್ಲಿ ಯಾವುದು ಎಂದು ತಿಳಿಯಲು ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಒಂದರಿಂದ ಹದಿನಾಲ್ಕರವರೆಗೆ ನಂಬರು ಬರೆದೆವು. ಶೆಡ್ಡಿನಲ್ಲಿ ಒಮ್ಮೆ ನಿಲ್ಲಿಸಿ ನೋಡಿ ನನಗೆ ತುಂಬ ಸಂತೋಷವಾಗಿತ್ತು.

ಮರುದಿನ ಸಾಯಂಕಾಲ ಟೆಂಪೊದಲ್ಲಿ ಹೇರಿದರು. ಹೇರುವ ಮೊದಲು ಅಲ್ಲಿದ್ದ ಹುಡುಗನೊಬ್ಬ, ಮರದ ಹೊಟ್ಟು ಮೆತ್ತಿದ ಫಲಕಗಳನ್ನು ಹಾಗೆಯೇ ಶಾಲೆಗೆ ಕಳುಹಿಸುವುದು ಸರಿಯಲ್ಲವೆಂದು, ಒದ್ದೆ ಬಟ್ಟೆಯಿಂದ ಹಿಂದೆ ಮುಂದೆ ಎಲ್ಲವನ್ನೂ ನೀಟಾಗಿ ಒರೆಸಿದ್ದ. ಅವನ ತಪ್ಪು ಏನೂ ಇಲ್ಲ. ಒಳ್ಳೆಯ ಕೆಲಸವನ್ನೇ ಮಾಡಿದ್ದ. ರಾತ್ರಿ ಎಂಟೂವರೆಗೆ ಶಾಲೆಯಲ್ಲಿ ಇಳಿಸಿ ನೋಡುವಾಗ 14 ಫಲಕಗಳಲ್ಲಿ ಒಂದಕ್ಕೂ ನಂಬರು ಇಲ್ಲ.

ಈಗ ನೀವೇ ಯೋಚಿಸಿ. ನೋಡಲಿಕ್ಕೆ ಎಲ್ಲವೂ ಒಂದೇ ತರಹ. ಆದರೆ ಒಂದರ ತೂತಿಗೂ ಇನ್ನೊಂದರ ತೂತಿಗೂ ಎರಡು ಮಿಲಿಮೀಟರ್, ಮೂರು ಮಿಲಿಮೀಟರ್ ವ್ಯತ್ಯಾಸ. ಆದ್ದರಿಂದ ಪ್ರತಿಯೊಂದಕ್ಕೂ ಅದರದೇ ಆದ ನೆರೆಯವನನ್ನು ಹುಡುಕಿ ಕೊಡಬೇಕು. ಒಂದನ್ನು ಎತ್ತಿ ಹಿಡಿಯುವುದು, ಇನ್ನೊಂದನ್ನು ತಂದು ತಾಗಿಸುವುದು, ಬೋಲ್ಟ್ ಹೋಗುವುದಿಲ್ಲ, ತಿರುಗಿಸುವುದು, ಆಗಲೂ ಹೋಗುವುದಿಲ್ಲ, ಗೋಡೆಗೆ ಒರಗಿಸಿ ಮೂರನೆಯದನ್ನು ತರುವುದು. ಹನ್ನೊಂದು ಗಂಟೆಯ ಹೊತ್ತಿಗೆ ಕೈ ಸೋತ ಒಬ್ಬರು ಬೋಲ್ಟನ್ನು ಸುತ್ತಿಗೆಯಿಂದ ಹೊಡೆದು ಕೂರಿಸಲು ನೋಡಿದರು. ಚೌಕಟ್ಟಿನ ಮರ ಉದ್ದಕ್ಕೆ ಸೀಳಿತು. ರಾತ್ರಿ ಎರಡು ಗಂಟೆಗೆ ನಾವು ಮಲಗಲು ಹೊರಡುವಾಗ 11 ಫಲಕಗಳು ನಿಂತಿದ್ದವು, ಮೂರು ಗೋಡೆಗೆ ಒರಗಿದ್ದವು. ಆ ಮೂರರಲ್ಲಿ ತೂಗುಹಾಕಬೇಕಾಗಿದ್ದ ಫೋಟೋಗಳನ್ನು ಬೆಳಿಗ್ಗೆ ಬೆಂಚುಗಳ ಮೇಲೆ ಇಟ್ಟೆವು.

ಬೆಳಿಗ್ಗೆ ನಾನು ಮತ್ತೆ ಅಲ್ಲಿಗೆ ಹೋದಾಗ ಸಭಾಂಗಣದಲ್ಲಿ ಬೇರೊಂದು ಕೆಲಸ ನಡೆಯುತ್ತಿತ್ತು. ಮಾಡಿನ ಒಂದು ಹಂಚು ಒಡೆದು ಬಿಸಿಲು ನೇರವಾಗಿ ಫೋಟೋಗಳ ಮೇಲೆ ಬೀಳುತ್ತಿತ್ತು. ಶಾಲೆಯ ಅಟೆಂಡರರು ಏಣಿ ಇಟ್ಟು ಹತ್ತಿದರು. ಮೇಲಿನ ಸಾಲಿನ ಹಂಚನ್ನು ಒಂದು ಕೈಯಿಂದ ಒಂದಿಷ್ಟು ಎತ್ತಿ ಹಿಡಿದು ಒಡೆದ ಹಂಚನ್ನು ಒಳಕ್ಕೆ ಎಳೆದು ತೆಗೆದರು. ಕೆಳಗೆ ನಿಂತಿದ್ದ ಹುಡುಗ ಜಗಲಿಯ ಮೂಲೆಯ ರಾಶಿಯಿಂದ ಒಂದು ಹಂಚು ತಂದು ಕೊಟ್ಟ. ಅದನ್ನು ಅದೇ ಸಂದಿಯಲ್ಲಿ ಮೇಲಕ್ಕೆ ತೂರಿಸಿ ಕೆಳಕ್ಕೆ ಜಾರಿಸಿದರು. ಹಂಚಿನ ಅಡಿಯ ಮೊಟ್ಟು ರೀಪಿಗೆ, ಅಂದರೆ ಮಾಡಿನ ಅಡ್ಡಪಟ್ಟಿಗೆ, ಸಿಕ್ಕಿ ಕೂತದ್ದು ಸಣ್ಣ ಟಕ್ ಎಂಬ ಸದ್ದಿನಿಂದಲೇ ತಿಳಿಯಿತು. ಏಣಿಯಿಂದ ಇಳಿದರು. ಮೊಳೆ ಇಲ್ಲ, ಸುತ್ತಿಗೆ ಇಲ್ಲ. ಹುಡುಗನೂ ಯಾವ ಹಂಚು ತರಬೇಕೆಂದು ಕೇಳಲಿಲ್ಲ. ಕೈಗೆ ಸಿಕ್ಕಿದ್ದನ್ನು ತಂದಿದ್ದ.

ಮಂಗಳೂರಿನ ಜೆಪ್ಪುವಿನಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಆ ಹಂಚಿನ ಗುಣವೇ ಇದು: ಎಲ್ಲವೂ ಒಂದೇ ಅಚ್ಚಿನಿಂದ ಬಂದವು, ಒಂದರ ಅಂಚಿನ ಏಣು ಇನ್ನೊಂದರ ಕಾಲುವೆಯಲ್ಲಿ ಕೂರುತ್ತದೆ, ರಾಶಿಯ ಯಾವ ಹಂಚಾದರೂ ಮಾಡಿನ ಯಾವ ಜಾಗಕ್ಕಾದರೂ ಆಗುತ್ತದೆ. ಹುಟ್ಟಿದಂದಿನಿಂದ ಆ ಮಾಡಿನ ಕೆಳಗೇ ಮಲಗಿದ್ದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಯಾವ ಫಲಕವೂ ಯಾವ ಫಲಕದ ಪಕ್ಕದಲ್ಲೂ ಎಂದು ನಾನು ಹೇಳುವುದು ಆ ಬೆಳಿಗ್ಗೆಯಿಂದ.

ಇದನ್ನು ಮಾಡುವುದು ಹೇಗೆ? ಟೇಪು ಹಿಡಿದು ಒಂದೊಂದನ್ನೂ ಅಳೆಯುವುದರಿಂದ ಆಗುವುದಿಲ್ಲ. ಒಂದು ಫಲಕವನ್ನು ಇನ್ನೊಂದಕ್ಕೆ ಅಳತೆಯಾಗಿ ಇಟ್ಟರಂತೂ ಖಂಡಿತ ಆಗುವುದಿಲ್ಲ, ಏಕೆಂದರೆ ಪ್ರತಿ ಸಲವೂ ಒಂದೇ ಮಿಲಿಮೀಟರ್ ತಪ್ಪಿದರೂ ಅದು ಮುಂದಿನದಕ್ಕೆ ಸೇರುತ್ತಾ ಹೋಗಿ ಹದಿನಾಲ್ಕನೆಯದಕ್ಕೆ ಬರುವಾಗ ಅರ್ಧ ಅಂಗುಲ ದಾಟಿರುತ್ತದೆ. ಮಾಡಬೇಕಾದದ್ದು ಹೀಗೆ: ಆರು ಅಡಿ ಉದ್ದದ ಒಂದು ಕಬ್ಬಿಣದ ಪಟ್ಟಿ ತೆಗೆದುಕೊಳ್ಳಿ. ಅದರ ಸರಿ ನಡುವೆ ಒಂದು ಗೆರೆ ಹಾಕಿ. ಆ ಗೆರೆಯಿಂದ ಮೇಲಕ್ಕೆ 24 ಅಂಗುಲದಲ್ಲಿ ಒಂದು, 26 ಅಂಗುಲದಲ್ಲಿ ಒಂದು, ಕೆಳಕ್ಕೂ ಅದೇ ಅಳತೆಯಲ್ಲಿ ಎರಡು, ಒಟ್ಟು ನಾಲ್ಕು ತೂತು ಕೊರೆಸಿ. ಇದು ನಿಮ್ಮ ಅಚ್ಚು. ಎಲ್ಲ ಫಲಕಗಳ ಎರಡೂ ಬದಿಗೆ ಈ ಒಂದೇ ಪಟ್ಟಿಯನ್ನು ಬಿಗಿದು ಅದರ ತೂತಿನ ಮೂಲಕವೇ ಕೊರೆಯಬೇಕು. ನಡುವಿನಿಂದ ಎರಡೂ ಕಡೆಗೆ ಸಮ ದೂರವಾದ್ದರಿಂದ ಫಲಕವನ್ನು ತಲೆಕೆಳಗಾಗಿ ಹಿಡಿದರೂ ತೂತಿಗೆ ತೂತು ಕೂಡಿಕೊಳ್ಳುತ್ತದೆ.

ಫಲಕದ ಅಳತೆ ಆರು ಅಡಿ ಉದ್ದ, ಮೂರು ಅಡಿ ಅಗಲ ಇರಲಿ. ಪ್ಲೈವುಡ್ ಅಂಗಡಿಯಲ್ಲಿ ಎಂಟು ನಾಲ್ಕರ ಹಾಳೆಯಂತೆಯೇ ಆರು ಮೂರರ ಹಾಳೆಯೂ ಸಿಗುತ್ತದೆ, ಕತ್ತರಿಸಿ ತುಂಡು ಹಾಳು ಮಾಡುವ ಪ್ರಶ್ನೆಯೇ ಇಲ್ಲ. ಎಂಟು ನಾಲ್ಕರ 18 ಮಿಲಿಮೀಟರ್ ದಪ್ಪದ ಒಂದು ಹಾಳೆ ಸುಮಾರು 35 ಕಿಲೋ ತೂಗುತ್ತದೆ; ಅದನ್ನು ಇಬ್ಬರು ಏದುಸಿರು ಬಿಡುತ್ತಾ ಹೊರಬೇಕು. ಆರು ಮೂರರ 6 ಮಿಲಿಮೀಟರ್ ಹಾಳೆಗೆ ಎರಡು ಅಂಗುಲ ಒಂದು ಅಂಗುಲದ ಮರದ ಚೌಕಟ್ಟು ಕೊಟ್ಟರೆ ಒಟ್ಟು 12 ಕಿಲೋದ ಆಸುಪಾಸು. ಹೈಸ್ಕೂಲಿನ ಹುಡುಗಿಯೊಬ್ಬಳು ಒಂದನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬಹುದು. ಚೌಕಟ್ಟಿನ ಹಿಂಬದಿಗೆ ಮತ್ತೊಂದು ಹಾಳೆ ಹೊಡೆದು ಮುಚ್ಚಬೇಡಿ. ನಟ್ಟು ತಿರುಗಿಸಲು ಅಲ್ಲಿಗೆ ಕೈ ಹೋಗಬೇಕು.

ಎರಡು ಫಲಕಗಳ ನಡುವೆ ಎರಡು ಅಂಗುಲ ಚೌಕದ, ಏಳು ಅಡಿ ಎತ್ತರದ ಒಂದು ಮರದ ಕಂಬ. ಕಂಬದ ಎದುರು ಬದುರಿನ ಎರಡು ಮುಖಗಳಿಗೆ ಅದೇ ಪಟ್ಟಿಯ 24 ಅಂಗುಲದ ಗುರುತಿನ ತೂತುಗಳು, ಉಳಿದೆರಡು ಮುಖಗಳಿಗೆ 26 ಅಂಗುಲದ ಗುರುತಿನ ತೂತುಗಳು. ಆಗ ಒಂದು ಕಡೆಯಿಂದ ಬಂದ ಬೋಲ್ಟು ಇನ್ನೊಂದು ಕಡೆಯದಕ್ಕೆ ಅಡ್ಡ ಬರುವುದಿಲ್ಲ. ಅದೇ ಕಂಬದಿಂದ ನೇರವಾಗಿಯೂ ಹೋಗಬಹುದು, ಮೂಲೆಯೂ ತಿರುಗಬಹುದು, ನಾಲ್ಕು ಕಡೆಗೆ ನಾಲ್ಕು ಫಲಕ ನಿಲ್ಲಿಸಿ ಮಳಿಗೆಗಳನ್ನೂ ಮಾಡಬಹುದು. ದೊಡ್ಡ ನಗರಗಳ ವಸ್ತುಪ್ರದರ್ಶನಗಳಲ್ಲಿ ಎಂಟು ಮುಖದ ಅಲ್ಯೂಮಿನಿಯಂ ಕಂಬಗಳಿರುತ್ತವೆ, ಅಲೆನ್ ಕೀ ಎಂಬ ಒಂದು ಬಾಗಿದ ಸಣ್ಣ ಕೀಲಿ ಹಿಡಿದು ಇಡೀ ಸಭಾಂಗಣವನ್ನು ಮಳಿಗೆಗಳನ್ನಾಗಿ ವಿಂಗಡಿಸುತ್ತಾರೆ. ಅಲ್ಲಿರುವುದೂ ಇದೇ ಲೆಕ್ಕ. ಲೋಹ ಬೇರೆ, ಬೆಲೆ ಬೇರೆ, ಅಷ್ಟೆ.

ಬೋಲ್ಟುಗಳು ಎಲ್ಲವೂ ಒಂದೇ: 8 ಮಿಲಿಮೀಟರ್ ದಪ್ಪ, 5 ಅಂಗುಲ ಉದ್ದ, ಅಗಲವಾದ ವಾಷರ್, ಕೈಯಿಂದಲೇ ತಿರುಗಿಸಬಹುದಾದ ಕಿವಿಯಿರುವ ನಟ್ಟು. ತೂತು ಮಾತ್ರ 10 ಮಿಲಿಮೀಟರ್ ಇರಲಿ. ಆಚಾರ್ರು ಇದಕ್ಕೆ ಒಪ್ಪುವುದಿಲ್ಲ, ಸಡಿಲವಾಗುತ್ತದೆ ಎನ್ನುತ್ತಾರೆ. ಅವರು ಮನೆಯ ಬಾಗಿಲಿನ ಲೆಕ್ಕದಲ್ಲಿ ಹೇಳುತ್ತಾರೆ. ಅದು ಒಮ್ಮೆ ಕೂರಿಸಿದರೆ ಮುಗಿಯಿತು. ನಮ್ಮದು ವರ್ಷಕ್ಕೆ ನಾಲ್ಕು ಸಲ ಬಿಚ್ಚಿ ಕಟ್ಟುವಂಥದ್ದು. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ನೆಲ ಎಲ್ಲಿಯೂ ಸಮತಟ್ಟಾಗಿರುವುದಿಲ್ಲ. ಆ ಎರಡು ಮಿಲಿಮೀಟರ್ ಬಿಡುವು ಇಲ್ಲದಿದ್ದರೆ ಸುತ್ತಿಗೆ ಹೊರಗೆ ಬರುತ್ತದೆ. ವಾಷರ್ ಹಾಕಿ ಬಿಗಿದ ಮೇಲೆ ಯಾವ ಸಡಿಲವೂ ಉಳಿಯುವುದಿಲ್ಲ. ಸಾಲಿನ ಕೊನೆಯ ಕಂಬದಲ್ಲಿ ಎರಡನೆಯ ಫಲಕ ಇಲ್ಲದ್ದರಿಂದ ಬೋಲ್ಟು ಹೊರಚಾಚುತ್ತದೆ. ಅದಕ್ಕೆಂದು ಗಿಡ್ಡ ಬೋಲ್ಟು ತರಬೇಡಿ, ದಯವಿಟ್ಟು ತರಬೇಡಿ. ಎರಡು ಬಗೆಯ ಬೋಲ್ಟು ಒಂದೇ ಡಬ್ಬಿಯಲ್ಲಿ ಬೆರೆತರೆ ನಾನು ಹೇಳಿದ ರಾತ್ರಿ ನಿಮಗೂ ಬರುತ್ತದೆ. ತೂತು ಕೊರೆದ, ಒಂದು ಅಂಗುಲ ದಪ್ಪದ ಮರದ ತುಂಡನ್ನು ಸೇರಿಸಿ ಅದರ ಮೇಲೆ ನಟ್ಟು ಬಿಗಿಯಿರಿ.

ಯಕ್ಷಗಾನ ಮೇಳದವರು ದಿನಕ್ಕೊಂದು ಊರಿನಲ್ಲಿ ರಂಗಸ್ಥಳ ಕಟ್ಟಿ ಬಿಚ್ಚುತ್ತಾರಲ್ಲ, ನಮಗೇಕೆ ಇಷ್ಟೆಲ್ಲ ಎಂದು ಕೆಲವರು ಕೇಳುತ್ತಾರೆ. ಮೇಳದಲ್ಲಿ, ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಯವರೆಗೆ, ಕಟ್ಟುವವರು ಅದೇ ಜನ, ಕತ್ತಲಲ್ಲಿಯೂ ಅವರ ಕೈಗೆ ದಾರಿ ಗೊತ್ತು. ನಮ್ಮ ಫಲಕಗಳನ್ನು ಈ ವರ್ಷ ಕಟ್ಟಿದ ಹುಡುಗರು ಮುಂದಿನ ವರ್ಷ ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಇರುತ್ತಾರೆ. ಕಟ್ಟುವವರಿಗೆ ಅಭ್ಯಾಸವಿಲ್ಲ ಎಂದಮೇಲೆ ಆ ತಿಳಿವಳಿಕೆಯನ್ನು ಫಲಕದಲ್ಲಿಯೇ ಇಡಬೇಕು.

ಸಮಯ ಕಡಿಮೆ ಇರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಹೊರಗೆ, ಅಂಗಳದಲ್ಲಿ ನಿಲ್ಲಿಸುವುದಾದರೆ ಮಧ್ಯಾಹ್ನದ ಮೇಲೆ ಕಡಲಿನ ಕಡೆಯಿಂದ ಬರುವ ಗಾಳಿಯನ್ನು ನೆನಪಿಡಿ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ನಾನು ಹೇಳಿದ ಒಂದು ಫಲಕವನ್ನು ಸುಮಾರು 10 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಆದ್ದರಿಂದ ಉದ್ದಕ್ಕೆ ಒಂದೇ ನೇರ ಸಾಲು ಬೇಡ. ಎರಡು ಫಲಕಕ್ಕೊಮ್ಮೆ ಮೂಲೆ ತಿರುಗಿಸಿ, ಕಂಬದ ಬುಡಕ್ಕೆ ಅಡ್ಡ ಪಾದ ಕೊಟ್ಟು ಅದರ ಮೇಲೆ ಮರಳಿನ ಚೀಲ ಇಡಿ. ನಮ್ಮ ಉಪ್ಪು ಗಾಳಿಗೆ ಸಾದಾ ಕಬ್ಬಿಣದ ಬೋಲ್ಟು ತುಕ್ಕು ಹಿಡಿದು ನಟ್ಟು ಅಲ್ಲಿಯೇ ಕಚ್ಚಿಕೊಳ್ಳುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದೇ ಕೊಳ್ಳಿ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡವೇ ಬೇಡ, ಒದ್ದೆ ತಾಗಿದ ಅಂಚು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಪ್ಲೈವುಡ್ಡಿನ ನಾಲ್ಕು ಅಂಚಿಗೂ ಬಣ್ಣ ಬಳಿಯಿರಿ. ಫೋಟೋದ ನಡುಭಾಗ ದೊಡ್ಡವರಿಗೆ ಐದು ಅಡಿಯ ಹತ್ತಿರ, ಮಕ್ಕಳ ಪ್ರದರ್ಶನವಾದರೆ ನಾಲ್ಕು ಅಡಿಯಲ್ಲಿ ಬರಲಿ.

ಕೆಲಸ ಮುಗಿಯಿತೆಂದು ಆಚಾರ್ರು ಹೇಳಿದಾಗ, ಹಣ ಕೊಡುವ ಮೊದಲು, ಎಲ್ಲ ಫಲಕಗಳನ್ನೂ ಕಂಬಗಳನ್ನೂ ಅಂಗಳದಲ್ಲಿ ಬೆರೆಸಿ ಹಾಕಿ, ಕೆಲವನ್ನು ತಲೆಕೆಳಗು ಮಾಡಿ. ಅವುಗಳನ್ನು ಹಿಂದೆ ನೋಡಿರದ ಇಬ್ಬರನ್ನು ಕರೆದು ನಿಲ್ಲಿಸಲು ಹೇಳಿ. ನೀವು ಬಾಯಿ ತೆರೆಯಬೇಡಿ. ಯಾವುದಾದರೂ ಒಂದು ಫಲಕ ಒಂದು ಕಡೆ ಕೂತು ಇನ್ನೊಂದು ಕಡೆ ಕೂರದಿದ್ದರೆ, ಅದನ್ನು ಹಿಂದಕ್ಕೆ ಕೊಟ್ಟು ಅದೇ ಪಟ್ಟಿಯಿಂದ ಮತ್ತೆ ಕೊರೆಸಿ.

ಆ ಕಬ್ಬಿಣದ ಪಟ್ಟಿಯನ್ನು ಮಾತ್ರ ಗುಜರಿಗೆ ಹಾಕಬೇಡಿ. ನನ್ನ ಪಟ್ಟಿಗೆ ಕೆಂಪು ಬಣ್ಣ ಬಳಿದು ಗೋಡೆಯ ಮೊಳೆಗೆ ತೂಗುಹಾಕಿದ್ದೇನೆ. ಹೋದ ವರ್ಷ ಅದರಿಂದಲೇ ಆರು ಹೊಸ ಫಲಕಗಳನ್ನು ಕೊರೆಸಿದೆ. ಹಳೆಯವುಗಳ ಬಣ್ಣ ಮಾಸಿದೆ, ಹೊಸವು ಹೊಳೆಯುತ್ತಿದ್ದವು, ಆದರೆ ಒಂದು ಬೋಲ್ಟೂ ತಡೆಯದೆ ಎಲ್ಲವೂ ಒಂದೇ ಸಾಲಿನಲ್ಲಿ ನಿಂತವು.

ನಮಸ್ಕಾರ.